ತರುಲತೆ ಕೊನೆಗೆ ಕೇಳಿದ್ದು

ಮದ್ದೂರು
೧೮ ಜುಲೈ ೧೯೩೪

ಚಿರಂಜೀವಿ ವರದರಾಜನಿಗೆ ನಿನ್ನ ತಾಯಿ ಸರಸಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ‘ಇಲ್ಲಿ ಎಲ್ಲ ಕ್ಷೇಮ’ ಎನ್ನುವ ಮೊದಲ ಸಾಲಿನಲ್ಲೇ ಕೈ ನಿಂತುಬಿಡುತ್ತಿತ್ತು. ಸುಳ್ಳು ಬರೆಯುವುದು ಬೇಡವೆಂದು ಸುಮ್ಮನಿದ್ದೆ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ.

ನಿನ್ನನ್ನು ಕಲ್ಕತ್ತೆಗೆ ಕಳಿಸಿದ್ದು ರಸಾಯನಶಾಸ್ತ್ರ ಓದಲಿ ಎಂದು. ಓದಿ ಬಂದರೆ ಮಂಡ್ಯದ ಹೊಸ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕೀತು, ಇಲ್ಲಿಂದಲೇ ರೈಲಿನಲ್ಲಿ ಹೋಗಿ ಬರಬಹುದು ಎಂದು ನಿಮ್ಮ ತಂದೆ ಹಾಸಿಗೆ ಹಿಡಿದಾಗಲೂ ಹೇಳುತ್ತಿದ್ದರು. ಈಗ ನೀನು ಬರೆದಿರುವುದನ್ನು ನೋಡಿದರೆ ಓದು ಅರ್ಧಕ್ಕೆ ನಿಂತಿದೆ, ಮದುವೆ ಪೂರ್ತಿ ಮುಗಿದಿದೆ.

ಹುಡುಗಿಯ ಹೆಸರು ತರುಲತಾ, ಬರಿಸಾಲ ಎಂಬ ಊರಿನ ಮೇಷ್ಟರ ಮಗಳು, ಎಳವೆಯಿಂದಲೂ ಕಾಂಗ್ರೆಸ್ಸಿನ ಮೆರವಣಿಗೆಗಳ ಮುಂದೆ ಹಾಡಿದವಳು, ಉಪ್ಪಿನ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವಳು ಎಂದು ಬರೆದಿದ್ದೀಯ. ಅವಳು ಹಾಡಿದರೆ ಪೊಲೀಸಿನವರೂ ನಿಂತು ಕೇಳುತ್ತಾರೆ ಎಂದೂ ಬರೆದಿದ್ದೀಯ. ನಾನು ಆ ಪುಟವನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಚಿಕ್ಕ ಹೆಣ್ಣುಮಗುವನ್ನು ಜೈಲಿಗೆ ಹಾಕಿದಾಗ ಅವಳ ತಾಯಿ ಏನು ಮಾಡುತ್ತಿದ್ದಳು ಎನ್ನುವುದನ್ನು ಮಾತ್ರ ನೀನು ಬರೆದಿಲ್ಲ.

ಬೀದಿಗೆಲ್ಲ ಸುದ್ದಿ ಗೊತ್ತಾಗಿದೆ. ಯಾರೂ ಏನೂ ಕೇಳುವುದಿಲ್ಲ. ಬಾವಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತದೆ, ಅಷ್ಟೇ. ಪುರೋಹಿತರು ಹೋದ ಅಮಾವಾಸ್ಯೆಗೆ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವೆಂದು ಹೇಳಿ ಕಳಿಸಿದರು. ಅದೇ ಬೆಳಿಗ್ಗೆ ಎದುರು ಮನೆಗೆ ಬಂದಿದ್ದರು.

ನಿನ್ನ ಮೇಲೆ ನನಗೆ ಕೋಪವಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಸದ್ಯಕ್ಕೆ ಅವಳನ್ನು ಇಲ್ಲಿಗೆ ಕರೆತರಬೇಡ. ಬೆಂಗಳೂರಿನಲ್ಲಿ ಪತ್ರಿಕೆಯ ಕೆಲಸ ನೋಡಿದ್ದೀಯಲ್ಲ, ಅಲ್ಲೇ ಸಂಸಾರ ಹೂಡು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಾಯಿ
ಸರಸಮ್ಮ

ಮರೆತಿದ್ದೆ: ಅವರ ಕಡೆ ಎಲ್ಲರೂ ಮೀನು ತಿನ್ನುತ್ತಾರಂತೆ. ಅವಳೂ ತಿನ್ನುತ್ತಾಳೆಯೇ? ಪುಷ್ಯದಲ್ಲಿ ನಿಮ್ಮ ತಂದೆಯ ತಿಥಿ ಬರುತ್ತದೆ. ಆವತ್ತು ಈ ಮನೆಯಲ್ಲಿ ನನ್ನ ಜೊತೆ ನಿಂತು ಅಡಿಗೆ ಮಾಡುವವರು ಯಾರು, ನೀನೇ ಹೇಳು.


ಮದ್ದೂರು
೯ ಫೆಬ್ರವರಿ ೧೯೩೭

ಚಿ. ವರದನಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದಗಳಿಗೆ ತರುಲತೆಯೇ ಉತ್ತರ ಹಾಕುತ್ತಾಳಲ್ಲ ಎಂದು ನಾನು ಸೋಮಾರಿಯಾದೆ. ಹಗ್ಗಕ್ಕೆ ಬಟ್ಟೆ ನೇತುಹಾಕಿದಂತಿರುವ ನಿಮ್ಮ ಬಂಗಾಲಿ ಅಕ್ಷರಗಳಲ್ಲಿ ನನ್ನ ವಿಚಾರ ಏನೇನು ಹೋಗುತ್ತದೋ ತಿಳಿಯದು. ಅದಕ್ಕೇ ಇವತ್ತು ನಾನೇ ಕೂತೆ.

ಕಾಲು ಪರವಾಗಿಲ್ಲ. ಕೋಲೂರಿಕೊಂಡು ಹಿತ್ತಲ ತನಕ ಹೋಗಿ ಬರುತ್ತೇನೆ. ಹೋದ ವರ್ಷ ಬಾವಿಯ ಹತ್ತಿರ ಜಾರಿ ಬಿದ್ದು ಮೂಳೆ ಮುರಿದುಕೊಂಡಾಗ ನೀನು ಅವಳನ್ನು ತಂದು ಬಿಟ್ಟು ಹೋದೆ. ಬೇಡ ಎನ್ನಲು ನನಗೆ ಶಕ್ತಿ ಇರಲಿಲ್ಲ, ಅಷ್ಟೇ. ಮನಸ್ಸು ಬೇಡವೆಂದೇ ಹೇಳುತ್ತಿತ್ತು. ನಾನಾಗಿಯೇ ಕರೆಯುವ ತನಕ ಅವಳು ಅಡಿಗೆಮನೆಗೆ ಕಾಲಿಡಲಿಲ್ಲ. ನನ್ನ ಮಲಮೂತ್ರ ತೆಗೆದಳು, ಮೈ ಒರೆಸಿದಳು, ಆಮೇಲೆ ಹೊಸ್ತಿಲ ಆಚೆ ಕೂತು ನಾನು ಹೇಳಿದಂತೆ ತರಕಾರಿ ಹೆಚ್ಚಿದಳು. ಕೊನೆಗೆ ನಾನೇ, ಒಳಗೆ ಬಾರೇ, ಒಲೆ ಆರುತ್ತಿದೆ ಎಂದೆ. ಮೀನಿನ ಮಾತು ಇದುವರೆಗೆ ಎತ್ತಿಲ್ಲ. ಶಿಂಷಾ ಹೊಳೆಯ ಕಡೆಯಿಂದ ಬುಟ್ಟಿ ಹೊತ್ತವರು ಬೀದಿಯಲ್ಲಿ ಹಾದುಹೋದರೆ ಬಾಗಿಲ ತನಕ ಬಂದು ನಿಲ್ಲುತ್ತಾಳೆ. ಅವರು ತಿರುವಿನಲ್ಲಿ ಮರೆಯಾದಮೇಲೆ ಒಳಗೆ ಬರುತ್ತಾಳೆ.

ಅವಳ ಕನ್ನಡ ಕೇಳಿದರೆ ನಿನಗೆ ನಗು ಬರುತ್ತದೆ. ನಿಡಘಟ್ಟದಿಂದ ಬೆಣ್ಣೆ ತರುವ ಅಂಕಮ್ಮ ಗೊತ್ತಲ್ಲ, ಸಿದ್ದರಾಜುವಿನ ಹೆಂಡತಿ, ಅವಳೇ ಗುರು. ಮೊನ್ನೆ ನನ್ನ ಸೊಸೆ ತಲೆ ಬಾಚಿಕೊಂಡು ಬಂದು, “ಅತ್ತೆ, ನಾ ಅಳ್ಳಿಗೆ ಓಯ್ತೀನಿ, ಸಂಜೀಕೆ ಬತ್ತೀನಿ” ಎಂದಳು. ಈ ಊರಿಗೆ ಮೇಷ್ಟರಾಗಿದ್ದ ನಿಮ್ಮ ತಂದೆಯ ಸೊಸೆ ಹೀಗೆ ಮಾತಾಡಿದರೆ ಬೀದಿಯವರು ಏನಂದಾರು ಎಂದು ತಿದ್ದಲು ಹೋದೆ. ಅಂಕಮ್ಮನಿಗೆ ತಿಳಿಯುವ ಹಾಗೆ ಮಾತಾಡಿದರೆ ಸಾಕು, ಬೀದಿಯವರು ಹೇಗೂ ನನ್ನ ಹತ್ತಿರ ಮಾತಾಡುವುದಿಲ್ಲ ಎಂದಳು. ಅದು ನಿಜ. ಅರಿಸಿನ ಕುಂಕುಮಕ್ಕೆ ಒಬ್ಬರೂ ಅವಳನ್ನು ಕರೆದಿಲ್ಲ.

ನಿಡಘಟ್ಟದಲ್ಲಿ ಅವಳು ಮೊದಲು ಹಾಡಿದ್ದು ಭಾಷಣದ ಕಟ್ಟೆಯ ಮೇಲಲ್ಲ, ಅಂಕಮ್ಮನ ರಾಗಿಕಲ್ಲಿನ ಮುಂದೆ. ಬೀಸುವವರ ಪದದ ಧಾಟಿ ಕಲಿತು, ಅದಕ್ಕೆ ತನ್ನದೇ ಮಾತು ಕಟ್ಟಿದಳು. ‘ರಾಗಿ ನಮ್ದು, ಕಲ್ಲು ನಮ್ದು, ಹಿಟ್ಟು ಯಾರ್ದವ್ವ’ ಎಂದು ಶುರುವಾಗುತ್ತದೆ. ಈಗ ಕೊತ್ತತ್ತಿಯಲ್ಲೂ ಹೆಂಗಸರು ಅದನ್ನು ಹೇಳಿಕೊಂಡು ಬೀಸುತ್ತಾರಂತೆ. ಕಾಂಗ್ರೆಸ್ಸಿನ ಸಭೆಗೆ ಗಂಡಸರು ಬಂದರೆ ಭಾಷಣ ಕೇಳಲು ಬರುತ್ತಾರೆ. ಹೆಂಗಸರು ಬಂದರೆ ಇವಳಿಗಾಗಿ ಬರುತ್ತಾರೆ ಎಂದು ಮಂಡ್ಯದ ವಕೀಲ ಚಲುವನಾರಾಯಣ ಅಯ್ಯಂಗಾರರು ನಮ್ಮ ಜಗಲಿಯಲ್ಲಿ ಕೂತು ಹೇಳಿ ಹೋದರು. ತಾಲ್ಲೂಕಿನ ಕಾಂಗ್ರೆಸ್ಸಿಗೆಲ್ಲ ಈಗ ಅವರೇ ಮುಂದಾಳು.

ಒಂದು ಮಧ್ಯಾಹ್ನ ಕೂದಲು ಒಣಗಿಸಿಕೊಳ್ಳುತ್ತ ಕೂತಿದ್ದಾಗ ಅವಳನ್ನು ಕೇಳಿದೆ, ನೀನು ಜೈಲಿನಲ್ಲಿದ್ದಾಗ ನಿಮ್ಮಮ್ಮ ಏನು ಮಾಡುತ್ತಿದ್ದರು ಎಂದು. ಸತ್ತುಹೋಗುತ್ತಿದ್ದರು ಎಂದಳು. ನನಗೆ ಮೊದಲು ತಿಳಿಯಲಿಲ್ಲ. ತಾಯಿಗೆ ಖಾಯಿಲೆಯೆಂದು ತಿಳಿದಮೇಲೂ ಬಿಡಲಿಲ್ಲವಂತೆ. ಇನ್ನು ಮೇಲೆ ಹಾಡುವುದಿಲ್ಲ ಎಂದು ಬರೆದುಕೊಟ್ಟರೆ ಬಿಡುತ್ತೇವೆ ಎಂದರಂತೆ. ಅವಳು ಬರೆದುಕೊಡಲಿಲ್ಲ. ಅಣ್ಣ ಹರಿಪದ ಒಬ್ಬನೇ ತಾಯಿಯ ಹತ್ತಿರ ಇದ್ದದ್ದು. ಅಳದೆ ಹೇಳಿದಳು. ನಾನು ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ.

ನಿಮ್ಮ ತಂದೆಯ ತಿಥಿಗೆ ಈ ಸಲ ಅವಳೇ ಅಡಿಗೆಗೆ ನಿಂತಳು. ಪುರೋಹಿತರು ಬರಲಿಲ್ಲ. ನಾನು ಕಾಗೆಗೆ ಅನ್ನ ಇಟ್ಟೆ.

ಅಚ್ಚುಕೂಟದ ಕೆಲಸ ಎಷ್ಟೇ ಇದ್ದರೂ ತಿಂಗಳಿಗೊಮ್ಮೆ ಬಾ. ನಿಮ್ಮ ಬಂಗಾಲಿ ಮಾತು ಈ ಮನೆಯಲ್ಲಿ ಕೇಳಿಸುವುದು ನೀನು ಬಂದಾಗಲೇ. ನೀನು ಹೋದಮೇಲೆ ಒಂದೆರಡು ದಿನ ಅವಳು ಮೌನವಾಗಿರುತ್ತಾಳೆ. ನೂರು ಕಾಲ ಬಾಳು.

ನಿನ್ನ ಅಮ್ಮ
ಸರಸಮ್ಮ


ಮದ್ದೂರು
೧೨ ಜೂನ್ ೧೯೩೮

ಚಿ. ವರದನಿಗೆ ಆಶೀರ್ವಾದ.

ಪತ್ರಿಕೆಯಲ್ಲಿ ನೀನು ಸುದ್ದಿ ಹಾಕಿದ್ದು ಓದಿದೆ. ‘ಮಳವಳ್ಳಿಯಲ್ಲಿ ಸ್ತ್ರೀ ಸ್ವಯಂಸೇವಕಿಯ ಬಂಧನ’ ಎಂದಷ್ಟೇ ಇತ್ತು. ಸ್ವಂತ ಹೆಂಡತಿಯ ಹೆಸರು ಹಾಕಲು ಸಂಕೋಚವಾಯಿತೋ ಏನೋ. ನಡೆದದ್ದನ್ನು ನಾನು ಬರೆಯುತ್ತೇನೆ.

ಶಿವಪುರದಲ್ಲಿ ಬಾವುಟದ ಗಲಾಟೆಯಾದಮೇಲೆ ಎಲ್ಲ ಕಡೆಯೂ ಸಭೆಗೆ ನಿಷೇಧ ಹಾಕಿದರಲ್ಲ, ಆಗ ಇವಳು ಅಂಕಮ್ಮ, ಸಿದ್ದರಾಜು ಇಬ್ಬರ ಜೊತೆ ಮಳವಳ್ಳಿ ಸಂತೆಗೆ ಹೋದಳು. ಸಂತೆಗೆ ಹೋಗುವುದಕ್ಕೆ ಯಾರ ಅಪ್ಪಣೆ ಬೇಕು ಎಂದಳು. ಸಿದ್ದರಾಜು ಗಾಡಿಯ ನೊಗಕ್ಕೆ ಬಾವುಟ ಕಟ್ಟಿದ. ಇವಳು ಗಾಡಿಯ ಮೇಲೆ ನಿಂತು ಹಾಡಲು ಶುರುಮಾಡಿದಳು. ಕುರಿ ಮಾರುವವರು, ಬಳೆ ಮಾರುವವರು ಎಲ್ಲ ಬಂದು ಸುತ್ತ ನಿಂತರಂತೆ. ದಫೇದಾರ ಇಳಿ ಎಂದ. ಹಾಡು ಮುಗಿಯಲಿ ಎಂದಳು. ಮುಗಿಯಲು ಬಿಡಲಿಲ್ಲ. ಲಾಠಿಯ ಏಟು ಹಿಂದಿನಿಂದ ಪಕ್ಕೆಗೆ ಬಿತ್ತು. ಸಾಲಿನ ನಡುವೆಯೇ ದನಿ ನಿಂತಿತು.

ಸಿದ್ದರಾಜು ನನ್ನ ಮುಂದೆ ಕೂತು ಹೇಳಿದ: “ತಾಯಿ ಕುಸ್ದು ಬಿದ್ರು ಕಣ್ರಮ್ಮ. ಪದ ನಿಂತೋಯ್ತು ಅನ್ಕಂಡೊ. ಬಳೆ ಮಾರೋ ಎಂಗ್ಸು ಒಬ್ಳು ಮುಂದಿನ್ ಸಾಲ್ ಎತ್ಕಂಡ್ಲು. ಆಮೇಕೆ ಸಂತೆಗಿದ್ದ ಎಂಗಸ್ರೆಲ್ಲ ಪದ ಏಳಕ್ಕೆ ಸುರು ಮಾಡುದ್ರು. ಪೋಲೀಸ್ನೋರು ಯಾರ್ಗೆ ಒಡೀಬೇಕು ಅಂತ ಗೊತ್ತಾಗ್ದೆ ನಿಂತ್ಕಂಡ್ರು.”

ಆ ಏಟಿನ ನೋವಿನಲ್ಲೇ ಜೈಲಿಗೆ ಕರೆದೊಯ್ದರು. ಸರ್ಕಾರಕ್ಕೂ ಕಾಂಗ್ರೆಸ್ಸಿಗೂ ರಾಜಿಯಾಗಿ ಎಲ್ಲರನ್ನೂ ಬಿಟ್ಟಾಗ ಇವಳೂ ಬಂದಳು. ರೈಲು ನಿಲ್ದಾಣದಲ್ಲಿ ಹಳ್ಳಿಯವರು ಹಾರ ಹಿಡಿದು ನಿಂತಿದ್ದರು, ಹಾಡಬೇಕು ಎಂದರು. ನಗುತ್ತ ಕೈ ಮುಗಿದಳು. ಹಾಡಲಿಲ್ಲ. ಈಗ ಸಣ್ಣ ದನಿಯಲ್ಲಿ ಹಾಡುತ್ತಾಳೆ. ದನಿ ಏರಿಸಿದರೆ ಕೆಮ್ಮು ಬರುತ್ತದೆ. ಹಾಗೆಂದು ಮನೆಯಲ್ಲಿ ಕೂತಿಲ್ಲ. ನಿನ್ನೆಯೂ ನಸುಕಿನಲ್ಲೇ ಎದ್ದು ಪ್ರಭಾತಫೇರಿಯ ಮುಂದೆ ಹೋದಳು. ಎದುರು ಮನೆಯ ಚೂಡಾಮಣಿ ಬಾಗಿಲು ತೆರೆದು ನಿಂತು ಕೇಳಿದಳು. ಇಷ್ಟು ವರ್ಷದಲ್ಲಿ ಆ ಬಾಗಿಲು ಇವಳಿಗಾಗಿ ತೆರೆದದ್ದು ಇದೇ ಮೊದಲು.

ಬೇಗ ಬಾ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಳ್ಳೆಯ ಡಾಕ್ಟರಿಗೆ ತೋರಿಸು. ನಿಮ್ಮಿಬ್ಬರಿಗೂ ನನ್ನ ಹರಕೆ.

ಅಮ್ಮ

ನಿನಗೆ ತಿಳಿಸಬೇಡವೆಂದಿದ್ದಾಳೆ, ಆದರೂ ಬರೆಯುತ್ತೇನೆ. ಮಲಗಿದರೆ ಉಸಿರು ಕಟ್ಟುತ್ತದಂತೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ.


ಮದ್ದೂರು
೨೦ ಡಿಸೆಂಬರ್ ೧೯೩೯

ನನ್ನ ಮಗು ವರದನಿಗೆ,

ಟಪಾಲಿಗೆ ಹಾಕಿದರೆ ಜೈಲಿನವರು ಒಡೆದು ಓದಿ, ಬೇಡವೆನಿಸಿದ ಕಡೆ ಮಸಿ ಬಳಿದು ಕೊಡುತ್ತಾರಂತೆ. ಅದಕ್ಕೇ ನಿಮ್ಮ ಮೊಕದ್ದಮೆಗಳಿಗೆಂದು ಹೊರಗೆ ಉಳಿದಿರುವ ವಕೀಲ ಅಯ್ಯಂಗಾರರು ನಿನ್ನನ್ನು ನೋಡಲು ಬರುವ ತನಕ ಕಾದೆ. ಅವರು ಹೇಗೋ ನಿನ್ನ ಕೈಗೆ ಮುಟ್ಟಿಸುತ್ತೇನೆಂದಿದ್ದಾರೆ. ತರುಲತೆ ಹೋದ ಸುದ್ದಿ ನಿನಗೆ ಮೂರನೆಯವರ ಬಾಯಿಂದ ತಿಳಿಯಿತು. ತಾಯಿಯಾಗಿ ನಾನು ಬರೆಯಬೇಕಿತ್ತು. ಬರೆಯಲು ಆಗಲಿಲ್ಲ ಕಣೋ.

ನೀವೆಲ್ಲ ಸೆಪ್ಟೆಂಬರಿನಲ್ಲಿ ಒಳಗೆ ಹೋದಮೇಲೆ ಉಳಿದ ಕೆಲಸವೆಲ್ಲ ಅವಳ ತಲೆಯ ಮೇಲೆ ಬಿತ್ತು. ಕಾಯಿದೆ ಮುರಿಯಲು ಹೊರಡುವ ಒಂದೊಂದು ತಂಡವನ್ನೂ ಅವಳೇ ಹಾಡಿ ಕಳಿಸಬೇಕು. ಇಲ್ಲದಿದ್ದರೆ ಹುಡುಗರಿಗೆ ಸಮಾಧಾನವಿಲ್ಲ. ತಾಯಂದಿರು ಅಳುತ್ತ ನಿಂತಿರುತ್ತಿದ್ದರು. ಇವಳು ಅವರ ನಡುವೆ ನಿಂತು, ದನಿ ಒಡೆದಿದ್ದರೂ ಹಾಡುತ್ತಿದ್ದಳು. ಹಾಡು ಮುಗಿದಮೇಲೆ ಆ ತಾಯಂದಿರ ಮನೆಗೇ ಹೋಗಿ ಕೂತಿರುತ್ತಿದ್ದಳು. ಕೊತ್ತತ್ತಿ, ನಿಡಘಟ್ಟ, ಮಳವಳ್ಳಿ, ಎಲ್ಲಿಯೂ ಅವಳು ಹೋಗದ ಮನೆ ಇರಲಿಲ್ಲ.

ಕಾರ್ತಿಕದ ಮಳೆಯಲ್ಲಿ ಬಂಡೂರಿಗೆ ಹೋದವಳು ನೆನೆದ ಸೀರೆಯಲ್ಲೇ ಸಭೆ ಮುಗಿಸಿ ಅಲ್ಲೇ ಜ್ವರ ಬಂದು ಬಿದ್ದಳು. ಸಿದ್ದರಾಜು ಗಾಡಿಯಲ್ಲಿ ಹುಲ್ಲು ಹಾಸಿ ಕರೆತಂದ. ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ನೋಡಿ, ಎರಡು ಕಡೆಯೂ ಕಫ ಕಟ್ಟಿದೆ ಎಂದರು. ಮೈ ಬೆಚ್ಚಗಿಡಿ, ಥಂಡಿ ಗಾಳಿ ಸೋಕಬಾರದು ಎಂದರು. ನಿನ್ನ ಕೋಣೆಯಲ್ಲೇ ಮಲಗಿಸಿದೆ. ಬೀದಿಯ ಕಡೆಯ ಕಿಟಕಿ ಮುಚ್ಚಿ, ಸಂದಿಗೆ ಹಳೆ ಬಟ್ಟೆ ತುರುಕಿದೆ. ಕೆಂಡದ ಬಾಂಡಲೆ ಇಟ್ಟೆ.

ಅವಳಿಗೆ ಇನ್ನೂ ಜ್ಞಾನವಿದ್ದಾಗ ವಕೀಲರು ಬಂದರು. ಮುಂದೆ ಚಳವಳಿಗೆ ಸೇರುವುದಿಲ್ಲ ಎಂದು ವರದರಾಜ ಒಂದು ಸಾಲು ಬರೆದುಕೊಟ್ಟರೆ ನಾಳೆಯೇ ಬಿಡುತ್ತಾರೆ, ನಾನು ಕೇಳಿಕೊಂಡು ಬಂದಿದ್ದೇನೆ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದೆ.

“ಬರ್ಕೊಡೋದು ಬ್ಯಾಡ ಕಣತ್ತೆ,” ಎಂದಳು. “ನಾ ಕಳ್ಸಿದ ಐಕ್ಳೆಲ್ಲ ಒಳಗವ್ರೆ. ಇವರೊಬ್ರು ಈಚೆಗ್ ಬಂದ್ರೆ, ಆ ಅವ್ವದೀರ್ ಮಕ ಎಂಗ್ ನೋಡ್ಲಿ?”

ನಾನು ಅಳುತ್ತ ಬೈದೆ, ನಿನ್ನಮ್ಮನ ವಿಷಯದಲ್ಲೂ ಹೀಗೇ ಮಾಡಿದೆಯಲ್ಲೇ ಎಂದೂ ಅಂದುಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡಳು. ಆದರೂ ವಕೀಲರನ್ನು ನಿನ್ನ ಹತ್ತಿರ ಕಳಿಸಿದೆ. ನೀನೂ ಆಗುವುದಿಲ್ಲ ಎಂದೆಯಂತೆ. ಇಬ್ಬರೂ ಒಂದೇ ಮಾತು ಹೇಳಿದಿರಿ. ನಾನು ಇನ್ಯಾರನ್ನು ಕೇಳಲಿ?

ಅದರ ಮಾರನೆಯ ದಿನ ಅವಳ ಬಾಯಿಂದ ಕನ್ನಡ ಹೋಯಿತು. ಜ್ವರ ತಲೆಗೇರಿ ಬರೀ ನಿಮ್ಮ ಬಂಗಾಲಿ. ನಾನು, ಅಂಕಮ್ಮ ಅಕ್ಕಪಕ್ಕ ಕೂತಿದ್ದೆವು. ‘ಮಾ’ ಎಂದಾಗ ನಾನು ಹೂಂ ಎನ್ನುತ್ತಿದ್ದೆ. ‘ಜೊಲ್’ ಎಂದರೆ ನೀರು ಎಂದು ತಿಳಿಯಿತು, ಚಮಚದಲ್ಲಿ ಹಾಕಿದೆವು. ಮಿಕ್ಕಿದ್ದು ತಿಳಿಯಲಿಲ್ಲ. ಹೊರಗೆ ಬೀದಿಯ ತುಂಬ ಜನ. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದವರು, ಅವಳು ಕಳಿಸಿದ ಹುಡುಗರ ತಾಯಂದಿರು, ಯಾರೂ ಸದ್ದು ಮಾಡದೆ ಕೂತಿದ್ದರು.

ಕೊನೆಯ ದಿನ ಊಟದ ಹೊತ್ತು ಕಳೆದಮೇಲೆ ಒಂದೇ ಮಾತು ಹಿಡಿದಳು. ಕೈ ಎತ್ತಿ ಬೀದಿಯ ಕಡೆಗೆ ತೋರಿಸುತ್ತ ಮತ್ತೆ ಮತ್ತೆ ಅದನ್ನೇ ಹೇಳಿದಳು. ಅಂಕಮ್ಮ ಬಾಯಿಗೆ ಕಿವಿ ಕೊಟ್ಟು ಕೇಳಿ, “ಜನೆಲ್ಲಾ ಅಂತಾವ್ಳೆ ಕಣ್ರಮ್ಮ, ಜನೆಲ್ಲಾ ಎಲ್ಲಿ ಅಂತ ಕೇಳ್ತಾವ್ಳೆ,” ಎಂದಳು. ನನಗೂ ಹಾಗೆಯೇ ಕೇಳಿಸಿತು. ಜನವೆಲ್ಲ ಬಂದಿದ್ದಾರಮ್ಮ, ಇಲ್ಲೇ ಬೀದಿಯಲ್ಲಿದ್ದಾರೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಮತ್ತೆ ಅದನ್ನೇ ಹೇಳಿದಳು. ನಾವೂ ಮತ್ತೆ ಅದನ್ನೇ ಹೇಳಿದೆವು. ಹೊತ್ತು ಇಳಿಯುವುದರೊಳಗೆ ಹೋಗಿಬಿಟ್ಟಳು.

ಪುರೋಹಿತರು ಬರಲಿಲ್ಲ. ನಿಡಘಟ್ಟದವರು ಹೆಗಲು ಕೊಟ್ಟರು. ಸಿದ್ದರಾಜು ತಮ್ಮನ ಹಾಗೆ ನಿಂತು ಬೆಂಕಿ ಇಟ್ಟ. ಚೂಡಾಮಣಿ ತನ್ನ ಮನೆಯವರ ಮಾತು ಮೀರಿ ಬಂದು ಅವಳ ಹಣೆಗೆ ಕುಂಕುಮ ಹಚ್ಚಿ ಹೋದಳು.

ಮಂಡ್ಯದಲ್ಲಿ ಸಂತಾಪದ ಸಭೆ ಮಾಡಿದರು. ಕೊನೆಯಲ್ಲಿ ಅವಳು ಏನು ಹೇಳಿದಳು ಎಂದು ವಕೀಲರು ನನ್ನನ್ನು ಮೊದಲೇ ಕೇಳಿದ್ದರು, ನಾನು ಹೇಳಿದ್ದೆ. ಅವರು ಸಭೆಯಲ್ಲಿ ಎದ್ದು ನಿಂತು, ಎಲ್ಲಿಯದೋ ಬಂಗಾಲದಲ್ಲಿ ಹುಟ್ಟಿದ ಹೆಣ್ಣುಮಗಳು, ಸಾಯುವಾಗ ಗಂಡನನ್ನು ಕೇಳಲಿಲ್ಲ, ದೇವರನ್ನು ಕರೆಯಲಿಲ್ಲ, ಜನೆಲ್ಲಾ ಎಂದಳು, ನಮ್ಮನ್ನು ಕೇಳಿದಳು ಎಂದರು. ಇಡೀ ಸಭೆ ಅತ್ತಿತು. ಪತ್ರಿಕೆಗಳಲ್ಲಿ ಬಂತು. ಕೊತ್ತತ್ತಿಯ ಹೆಂಗಸರು ಅದನ್ನೇ ಪದ ಕಟ್ಟಿ ಬೀಸುತ್ತಾರೆ. ಬಂಡೂರಿನ ಪುಟ್ಟಸ್ವಾಮಿ ಅಷ್ಟು ದಿನ ಮಗನನ್ನು ಚಳವಳಿಗೆ ಬಿಟ್ಟಿರಲಿಲ್ಲ, ಇರುವವನು ಒಬ್ಬನೇ. ಸಭೆಯಿಂದ ನೇರ ನಮ್ಮ ಮನೆಗೆ ಬಂದು, “ಆಯಮ್ಮ ಸಾಯಾಗ್ಲೂ ನಮ್ಮುನ್ನ ಕೇಳುದ್ಲು. ನಾನು ಮಗನ್ನ ಬಚ್ಚಿಟ್ಕಂಡ್ ಕುಂತ್ರೆ ಆದದಾ?” ಎಂದು ನನ್ನ ಕಾಲು ಮುಟ್ಟಿದ. ಮುಂದಿನ ತಂಡದಲ್ಲಿ ಆ ಹುಡುಗ ಹೋದ. ನಿನ್ನ ಜೈಲಿನಲ್ಲೇ ಇದ್ದರೂ ಇರಬಹುದು. ಮೈಯಲ್ಲಿ ಅಷ್ಟು ಗಟ್ಟಿಯಿಲ್ಲವಂತೆ, ನೋಡಿಕೊ.

ನಾನು ಚೆನ್ನಾಗಿದ್ದೇನೆ. ಅಂಕಮ್ಮ ಬಂದು ಹೋಗುತ್ತಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಅಲ್ಲಿಯ ಅನ್ನವನ್ನು ಬಿಡಬೇಡ. ನೀನು ಎಷ್ಟು ದಿನವಾದರೂ ಬರೆದುಕೊಡದೆ ಗಟ್ಟಿಯಾಗಿ ಬಾ. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ
ಸರಸಮ್ಮ

ಮಗು, ಈ ಹಾಳೆಯನ್ನು ಬೇರೆ ಬರೆದು ಒಳಗೆ ಮಡಿಸಿಟ್ಟಿದ್ದೇನೆ. ವಕೀಲರಿಗೆ ತೋರಿಸಿಲ್ಲ.

ಹೋದ ವಾರ ಅವಳ ಅಣ್ಣ ಹರಿಪದ ಬಂದಿದ್ದರು. ತಂತಿ ತಡವಾಗಿ ಮುಟ್ಟಿ, ರೈಲು ಬದಲಾಯಿಸಿಕೊಂಡು ಅಷ್ಟು ದೂರದಿಂದ ಬಂದರು. ಥೇಟ್ ಅವಳದೇ ಹಣೆ, ಅವಳದೇ ಕಣ್ಣು. ವಕೀಲರು ಜೊತೆಗಿದ್ದು ಅವರ ಇಂಗ್ಲಿಷನ್ನು ನನಗೆ ಕನ್ನಡ ಮಾಡಿ ಹೇಳುತ್ತಿದ್ದರು. ತಂಗಿ ಕೊನೆಗೆ ಏನಾದರೂ ಅಂದಳೇ ಎಂದು ಕೇಳಿದರು. ನಾನು ಎಲ್ಲರಿಗೂ ಹೇಳಿದ ಹಾಗೆ ಅವರಿಗೂ ಹೇಳಿದೆ. ಬಂಗಾಲಿಯಲ್ಲೇ ಮಾತಾಡುತ್ತಿದ್ದವಳು ಈ ಒಂದು ಮಾತು ಮಾತ್ರ ಕನ್ನಡದಲ್ಲಿ ಹೇಳಿದಳೇ ಎಂದರು. ಅದು ನನಗೆ ಹೊಳೆದೇ ಇರಲಿಲ್ಲ. ಅವಳು ಹೇಳಿದ ಹಾಗೆಯೇ ಒಂದು ಸಲ ಹೇಳಿ ಎಂದರು. ಹೇಳಿದೆ. ಜನೆಲ್ಲಾ ಅಂದಮೇಲೆ ಇನ್ನೂ ಏನೋ ಇರುತ್ತಿತ್ತು, ‘ಖುಲೇ ದಾವ್’ ಎಂಬಂತೆ ಎಂದೆ.

ಹರಿಪದ ತಲೆ ತಗ್ಗಿಸಿ ಕೂತುಬಿಟ್ಟರು. ಏನು ಹೇಳಿ ಎಂದರೆ, ಏನಿಲ್ಲ ಮಾ, ನೀವು ಹೇಳಿದ್ದೇ ಸರಿ ಎಂದರು. ನಾನು ಬಿಡಲಿಲ್ಲ. ನಿನ್ನ ಮೇಲೆ ಆಣೆ ಇಟ್ಟೆ. ಆಗ ಅವರು ಎದ್ದು ಹೋಗಿ ನಿನ್ನ ಕೋಣೆಯ ಕಿಟಕಿಯ ಮೇಲೆ ಕೈಯಿಟ್ಟು ತೋರಿಸಿದರು. ಅದನ್ನು ಅವರಲ್ಲಿ ಜಾನ್ಲಾ ಎನ್ನುತ್ತಾರಂತೆ. ಅವಳು ಹೇಳುತ್ತಿದ್ದುದು ಕಿಟಕಿ ತೆಗೆಯಿರಿ ಎಂದು.

ಅವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ ಕಣೋ. ಕಿಟಕಿ ತೆಗೆಯಿರಿ ಎನ್ನುತ್ತಿದ್ದಳು. ಅಗಳಿ ನಾನು ಕೂತ ಜಾಗದಿಂದ ಕೈಗೆಟುಕುವಷ್ಟು ಹತ್ತಿರವಿತ್ತು. ನಾನು, ಜನ ಬಂದಿದ್ದಾರಮ್ಮ, ಜನ ಬಂದಿದ್ದಾರಮ್ಮ ಎಂದು ಹೇಳುತ್ತ ಕೆಂಡ ಕೆದಕುತ್ತಿದ್ದೆ. ಕಾರಣ ಹೇಳದೆ ಡಾಕ್ಟರನ್ನು ಕೇಳಿದೆ, ಕಿಟಕಿ ತೆಗೆದಿದ್ದರೂ ಅವಳು ಬದುಕುತ್ತಿರಲಿಲ್ಲ ಎಂದರು. ಬದುಕುತ್ತಿರಲಿಲ್ಲ, ಇರಬಹುದು. ಕೇಳಿದ್ದು ಸಿಕ್ಕುತ್ತಿತ್ತಲ್ಲ.

ವಕೀಲರು ಬಿಳಿಚಿಕೊಂಡು ಕೂತಿದ್ದರು. ಅವರ ಮನೆಯಲ್ಲಿ ಆಡುವ ತಮಿಳಿನಲ್ಲೂ ಕಿಟಕಿಗೆ ‘ಜನ್ನಲ್’ ಎನ್ನುತ್ತಾರಂತೆ. ಅವರ ಮನೆಯ ಹೆಂಗಸರು ಒಬ್ಬರು ಆ ಕೋಣೆಯಲ್ಲಿದ್ದಿದ್ದರೂ ತಿಳಿಯುತ್ತಿತ್ತು. ಹರಿಪದ ಹೋದಮೇಲೆ ಅವರು ನನಗೆ ಕೈ ಮುಗಿದು, ಇದು ನಮ್ಮಲ್ಲೇ ಉಳಿಯಲಿ ಅಮ್ಮ, ಆ ಮಾತು ನಂಬಿ ಎಷ್ಟೋ ಜನ ಒಳಗೆ ಹೋಗಿದ್ದಾರೆ ಎಂದರು. ನಾನು ಯಾರಿಗೂ ಹೇಳಿಲ್ಲ, ಅಂಕಮ್ಮನಿಗೂ ಹೇಳಿಲ್ಲ. ಆದರೆ ಮೊನ್ನೆ ಪುಟ್ಟಸ್ವಾಮಿ ಮಗನ ಸುದ್ದಿ ಏನಾದರೂ ಬಂತೇ ಎಂದು ಕೇಳಲು ಬಂದಾಗ ಅವನ ಮುಖ ನೋಡಲಾಗದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನಿಗೆ ಹೇಳಬೇಕೋ ಬೇಡವೋ ನೀನೇ ತಿಳಿಸು. ನನ್ನ ಬುದ್ಧಿಗೆ ಹೊಳೆಯುತ್ತಿಲ್ಲ.

ನಿನ್ನನ್ನು ದೂರುತ್ತಿಲ್ಲ. ಈ ಸೀಮೆಯಲ್ಲೆಲ್ಲ ಅವಳ ಮಾತು ತಿಳಿಯುವವನು ನೀನೊಬ್ಬನೇ ಇದ್ದೆ ಎನ್ನುವುದು ನಿಜ. ನೀನು ಬರಬಾರದೆಂದು ಅವಳೇ ಹೇಳಿದ್ದಳು ಎನ್ನುವುದೂ ನಿಜ.

ಆ ದಿನಗಳಲ್ಲಿ ಅವಳು ಹೇಳಿದ್ದು ಅದೊಂದೇ ಅಲ್ಲ. ಇನ್ನೂ ಕೆಲವು ಮಾತು ನನ್ನ ಕಿವಿಯಲ್ಲಿವೆ. ಒಂದನ್ನು ನನ್ನ ಕೈ ಹಿಡಿದುಕೊಂಡು, ನನ್ನನ್ನೇ ನೋಡುತ್ತ ಹೇಳಿದ್ದಳು. ಹರಿಪದರ ಮುಂದೆ ಅದನ್ನು ಬಾಯಿಬಿಡಲು ನನಗೆ ಭಯವಾಯಿತು. ಮರೆತುಹೋಗದಿರಲೆಂದು ದಿನಾ ಬೆಳಿಗ್ಗೆ ದೀಪ ಹಚ್ಚಿದಮೇಲೆ ಒಂದು ಸಲ ನನ್ನಷ್ಟಕ್ಕೆ ಹೇಳಿಕೊಳ್ಳುತ್ತೇನೆ. ನೀನು ಬಂದಮೇಲೆ ನಿನಗೆ ಮಾತ್ರ ಹೇಳುತ್ತೇನೆ. ಅದರ ಅರ್ಥ ಏನೇ ಇರಲಿ, ನನಗೆ ನೋವಾಗುತ್ತದೆಂದು ಬದಲಾಯಿಸಿ ಹೇಳಬೇಡ.